ಎದ್ದು ಹೋಗುವ ಹಕ್ಕು

ಭೂವಿಜ್ಞಾನಿಯು ಕಲ್ಲನ್ನು ಒಡೆದು ನೋಡುವಾಗ ಕಲ್ಲಿನ ಅಪ್ಪಣೆ ಕೇಳುವುದಿಲ್ಲ. ಸಸ್ಯವಿಜ್ಞಾನಿಯು ಎಲೆಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಡುವಾಗ ಎಲೆ ನೊಂದೀತೆಂದು ಹಿಂಜರಿಯುವುದಿಲ್ಲ. ಕಪ್ಪೆಯ ವಿಷಯಕ್ಕೆ ಬಂದಾಗ ಕೈ ಸ್ವಲ್ಪ ನಡುಗುತ್ತದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವರಿಗೆ ಆ ನಡುಕ ನೆನಪಿರಬಹುದು. ಮನುಷ್ಯನ ಮನಸ್ಸನ್ನೇ ಅಧ್ಯಯನಕ್ಕೆ ತೆಗೆದುಕೊಂಡ ಶಾಸ್ತ್ರದ ಪಾಡು ಇವೆಲ್ಲಕ್ಕಿಂತ ಬೇರೆ. ಇಲ್ಲಿ ಪರೀಕ್ಷಿಸುವವನೂ ಮನುಷ್ಯ, ಪರೀಕ್ಷೆಗೆ ಒಳಗಾಗುವವನೂ ಮನುಷ್ಯ. ತನ್ನಲ್ಲಿ ಏನನ್ನು ಪರೀಕ್ಷಿಸುತ್ತಿದ್ದಾರೆಂದು ಮೊದಲೇ ತಿಳಿದರೆ ಅವನ ನಡತೆ ಬದಲಾಗುತ್ತದೆ, ಪರೀಕ್ಷೆ ಕೆಟ್ಟಿತು. ತಿಳಿಸದೆ ಹೋದರೆ ಅವನಿಗೆ ಸುಳ್ಳು ಹೇಳಿದಂತಾಯಿತು. ಪರೀಕ್ಷಿಸಿದವನ ಮಾತು ಕೆಟ್ಟಿತು. ಮನಶ್ಶಾಸ್ತ್ರದ ಪ್ರಯೋಗಾಲಯದಲ್ಲಿ ಈ ಇಕ್ಕಟ್ಟು ಮೊದಲಿನಿಂದಲೂ ಇದ್ದದ್ದೇ. ಆದರೆ ಅದು ಎಲ್ಲರ ಕಣ್ಣಿಗೂ ರಾಚುವಂತೆ ಕಾಣಿಸಿಕೊಂಡದ್ದು ಒಂದು ಪ್ರಯೋಗದಿಂದ. ಆ ಪ್ರಯೋಗದ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ.

1961ರ ಬೇಸಗೆಯಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಎಂಬ ಊರಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂದಿತು. ನೆನಪಿನ ಶಕ್ತಿಯನ್ನು ಕುರಿತ ಅಧ್ಯಯನವೊಂದಕ್ಕೆ ಗಂಡಸರು ಬೇಕಾಗಿದ್ದಾರೆ. ಒಂದು ಗಂಟೆಯ ಕಾಲಕ್ಕೆ 4 ಡಾಲರ್ ಕೊಡಲಾಗುವುದು, ದಾರಿಯ ಖರ್ಚಿಗೆ 50 ಸೆಂಟು ಬೇರೆ. ಕಾರ್ಖಾನೆಯ ಕೆಲಸಗಾರರು, ಕ್ಷೌರಿಕರು, ಗುಮಾಸ್ತರು, ವ್ಯಾಪಾರಿಗಳು, ಮಾರಾಟದ ಪ್ರತಿನಿಧಿಗಳು, ಹೀಗೆ ಯಾರು ಬೇಕಾದರೂ ಬರಬಹುದಿತ್ತು. ವಿದ್ಯಾರ್ಥಿಗಳು ಮಾತ್ರ ಬೇಡ. ಕರೆದವರು ಯೇಲ್ ವಿಶ್ವವಿದ್ಯಾನಿಲಯದವರು. ಆ ಊರಿನಲ್ಲಿ ಯೇಲ್ ಎಂದರೆ ಸಾಮಾನ್ಯವಲ್ಲ. ಅದರ ಕಲ್ಲಿನ ಕಟ್ಟಡಗಳನ್ನು ದಿನವೂ ಹೊರಗಿನಿಂದ ನೋಡಿಕೊಂಡು ಓಡಾಡಿದವರಿಗೆ ಈಗ ಒಳಗಿನಿಂದ ಕರೆ ಬಂದಿತ್ತು. ಪ್ರಯೋಗವನ್ನು ನಡೆಸಿದ ಸ್ಟಾನ್ಲಿ ಮಿಲ್ಗ್ರಾಂಗೆ ಆಗ ಇಪ್ಪತ್ತೆಂಟು ವರ್ಷ.

ಬಂದವನನ್ನು ಬೂದುಬಣ್ಣದ ಮೇಲಂಗಿ ತೊಟ್ಟ, ಗಂಭೀರ ಮುಖದ ಒಬ್ಬ ಪ್ರಯೋಗಕಾರ ಎದುರುಗೊಳ್ಳುತ್ತಿದ್ದ. ಅಲ್ಲಿ ಇನ್ನೊಬ್ಬ ಅಭ್ಯರ್ಥಿಯೂ ಕುಳಿತಿರುತ್ತಿದ್ದ: ನಲವತ್ತೇಳರ ವಯಸ್ಸಿನ, ನೋಡಿದರೆ ಸಜ್ಜನನೆನಿಸುವ ಲೆಕ್ಕಿಗ. ಚೀಟಿ ಎತ್ತಿ ಒಬ್ಬ ಕಲಿಸುವವನು, ಇನ್ನೊಬ್ಬ ಕಲಿಯುವವನು ಎಂದು ಗೊತ್ತುಮಾಡುವುದು. ಎರಡು ಚೀಟಿಗಳಲ್ಲಿಯೂ ಬರೆದಿದ್ದುದು ‘ಕಲಿಸುವವನು’ ಎಂದೇ. ಲೆಕ್ಕಿಗನು ಮಿಲ್ಗ್ರಾಂ ನೇಮಿಸಿಕೊಂಡಿದ್ದ ಪಾತ್ರಧಾರಿ. ಅವನನ್ನು ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿ, ಮಣಿಕಟ್ಟಿಗೆ ವಿದ್ಯುತ್ತಿನ ತಂತಿ ಜೋಡಿಸುತ್ತಿದ್ದರು. ಬಂದ ಅತಿಥಿಯ ಮುಂದೆ ಒಂದು ದೊಡ್ಡ ಯಂತ್ರ. ಅದರಲ್ಲಿ ಸಾಲಾಗಿ ಮೂವತ್ತು ಗುಂಡಿಗಳು: ಮೊದಲನೆಯದು 15 ವೋಲ್ಟು, ಕೊನೆಯದು 450. ಗುಂಡಿಗಳ ಕೆಳಗೆ ಸೌಮ್ಯವಾದ ಆಘಾತ, ತೀವ್ರವಾದ ಆಘಾತ, ಅಪಾಯ ಎಂದು ಬರೆದಿತ್ತು. ಕೊನೆಯ ಎರಡರ ಕೆಳಗೆ ಪದಗಳೂ ಇರಲಿಲ್ಲ, ಬರಿಯ ಗುಣಾಕಾರದ ಗುರುತುಗಳು. ಕಲಿಯುವವನು ಒಂದೊಂದು ತಪ್ಪು ಉತ್ತರ ಹೇಳಿದಾಗಲೂ ಒಂದೊಂದು ಗುಂಡಿ ಮುಂದಕ್ಕೆ ಹೋಗಿ ಆಘಾತ ಕೊಡಬೇಕು. ನಂಬಿಕೆ ಬರಲೆಂದು ಅತಿಥಿಗೂ 45 ವೋಲ್ಟಿನ ಒಂದು ಮಾದರಿ ಆಘಾತವನ್ನು ಕೊಟ್ಟು ತೋರಿಸುತ್ತಿದ್ದರು. ಆ ಒಂದನ್ನು ಬಿಟ್ಟರೆ ಇಡೀ ಪ್ರಯೋಗದಲ್ಲಿ ಯಾರಿಗೂ ವಿದ್ಯುತ್ತು ತಗುಲಲಿಲ್ಲ.

ಮೊದಲು ಪ್ರಕಟವಾದ ಪ್ರಯೋಗದಲ್ಲಿ 300 ವೋಲ್ಟಿಗೆ ಪಕ್ಕದ ಕೋಣೆಯಿಂದ ಗೋಡೆಯನ್ನು ದಬದಬನೆ ಬಡಿದ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಆ ಸದ್ದೂ ನಿಂತು, ಉತ್ತರವೂ ನಿಂತುಹೋಗುತ್ತಿತ್ತು. ಮುಂದಿನ ಪ್ರಯೋಗಗಳಲ್ಲಿ ಮುದ್ರಿಸಿಟ್ಟ ದನಿಯನ್ನು ಬಳಸಿದರು. 150 ವೋಲ್ಟಿಗೆ ಆ ದನಿ, ನನ್ನನ್ನು ಬಿಟ್ಟುಬಿಡಿ, ನಾನಿನ್ನು ಒಲ್ಲೆ ಎಂದು ಕೂಗುತ್ತಿತ್ತು. ಮುಂದೆ ಚೀತ್ಕಾರ; ಆಮೇಲೆ ಮೌನ. ಮೌನವನ್ನೂ ತಪ್ಪು ಉತ್ತರವೆಂದೇ ಎಣಿಸಬೇಕೆಂದು ಪ್ರಯೋಗಕಾರ ಹೇಳುತ್ತಿದ್ದ.

ಎಷ್ಟು ಮಂದಿ ಕೊನೆಯವರೆಗೂ ಹೋದಾರೆಂದು ಮಿಲ್ಗ್ರಾಂ ಮನೋವೈದ್ಯರನ್ನು ಕೇಳಿದ್ದ. ಸಾವಿರಕ್ಕೆ ಒಬ್ಬನಿದ್ದಾನು ಎಂಬುದು ಅವರ ಅಂದಾಜು. ಮೊದಲು ಪ್ರಕಟವಾದ ಪ್ರಯೋಗದ 40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿಯನ್ನು ಒತ್ತಿದರು. 1963ರಲ್ಲಿ ಈ ಸಂಖ್ಯೆ ಪ್ರಕಟವಾದಾಗ ಲೋಕ ಬೆಚ್ಚಿಬಿದ್ದಿತು. ಇಂದಿಗೂ ಮಿಲ್ಗ್ರಾಂ ಎಂದೊಡನೆ ಎಲ್ಲರೂ ಹೇಳುವುದು ಈ ಸಂಖ್ಯೆಯನ್ನೇ. ಆದರೆ ಅದೇ ಲೇಖನದಲ್ಲಿ ಇನ್ನೂ ಕೆಲವು ಸಂಖ್ಯೆಗಳಿವೆ. ಆ ನಲವತ್ತು ಮಂದಿಯಲ್ಲಿ ಹದಿನಾಲ್ವರು ತಡೆಯಲಾರದೆ ಅಸ್ವಾಭಾವಿಕವಾಗಿ ನಗತೊಡಗಿದರು. ಮೂವರಿಗೆ ಮೈಮೇಲೆ ಹಿಡಿತ ತಪ್ಪಿ ಸೆಳವು ಬಂದಿತು. ಬೆವರು, ನಡುಕ, ತೊದಲು, ತುಟಿ ಕಚ್ಚಿಕೊಳ್ಳುವುದು, ಅಂಗೈಗೆ ಉಗುರು ಊರುವುದು ಇವೆಲ್ಲ ಸಾಮಾನ್ಯವಾಗಿದ್ದುವು. ನಗುನಗುತ್ತ ಒಳಗೆ ಬಂದ ಒಬ್ಬ ಪ್ರೌಢ ವ್ಯಾಪಾರಿ ಇಪ್ಪತ್ತೇ ನಿಮಿಷದಲ್ಲಿ ಹೇಗೆ ಕುಸಿದುಹೋದನೆಂಬುದನ್ನು ಆ ಲೇಖನ ತಣ್ಣಗೆ ವರ್ಣಿಸುತ್ತದೆ. ಪಕ್ಕದ ಕೋಣೆಯ ನೋವು ನಟನೆ. ಈ ಕೋಣೆಯ ನೋವು ನಿಜ.

ಹಾಗಾದರೆ ಅವರು ಎದ್ದು ಹೋಗಲಿಲ್ಲವೇಕೆ? ಬಾಗಿಲಿಗೆ ಬೀಗವಿರಲಿಲ್ಲ. ಹಣದ ಆಸೆಯೂ ಕಾರಣವಲ್ಲ. ಬಂದದ್ದಕ್ಕೇ ಈ ಹಣ, ಮುಂದೆ ಏನಾದರೂ ಆಗಲಿ ಇದು ನಿಮ್ಮದೇ ಎಂದು ಮೊದಲೇ ಹೇಳಿ ಕೈಯಲ್ಲಿಟ್ಟಿದ್ದರು. ಈ ಪ್ರಶ್ನೆಗೆ ಉತ್ತರವಾಗಿ ನನಗೆ ಹೊಳೆಯುವ ಪದ ನಮ್ಮದೇ: ದಾಕ್ಷಿಣ್ಯ. ಒಪ್ಪಿಕೊಂಡು ಬಂದಿದ್ದೇನೆ, ಹಣ ತೆಗೆದುಕೊಂಡಿದ್ದೇನೆ, ದೊಡ್ಡವರ ಕೆಲಸ, ನಡುವೆ ಎದ್ದರೆ ಅವರಿಗೆ ಅವಮಾನ ಮಾಡಿದಂತಾದೀತು. ಮಿಲ್ಗ್ರಾಂ ಕೂಡ 1974ರಲ್ಲಿ ಬರೆದ ತನ್ನ ಪುಸ್ತಕದಲ್ಲಿ ಈ ಸಂಕೋಚವನ್ನು ಗುರುತಿಸಿದ್ದಾನೆ. ಕ್ರೌರ್ಯದಿಂದಲ್ಲ, ಸೌಜನ್ಯ ಮುರಿಯಲಾರದ ಪೇಚಿನಿಂದ ಆ ಕೈಗಳು ಗುಂಡಿಯನ್ನು ಒತ್ತಿದುವು ಎಂಬುದು ಈ ಪ್ರಯೋಗದ ಆಳವಾದ ಕಾಣ್ಕೆ.

ಆದರೆ ದಾಕ್ಷಿಣ್ಯವೊಂದನ್ನೇ ನಂಬಿ ಪ್ರಯೋಗ ಕುಳಿತಿರಲಿಲ್ಲ. ಅತಿಥಿ ಹಿಂಜರಿದಾಗ ಪ್ರಯೋಗಕಾರನು ಹೇಳಬೇಕಾದ ನಾಲ್ಕು ಮಾತುಗಳನ್ನು ಮೊದಲೇ ಬರೆದಿಡಲಾಗಿತ್ತು. ಮೊದಲನೆಯದು, ದಯವಿಟ್ಟು ಮುಂದುವರಿಸಿ ಎಂಬ ವಿನಯದ ಮಾತು. ಎರಡನೆಯದರಲ್ಲಿ ಪ್ರಯೋಗಕ್ಕೆ ಇದು ಅಗತ್ಯವೆನ್ನುವುದು, ಮೂರನೆಯದರಲ್ಲಿ ಅತ್ಯಗತ್ಯವೆನ್ನುವುದು. ನಾಲ್ಕನೆಯದು, ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು ಎಂಬುದು. ಮೊದಲ ಮೂರನ್ನು ಒತ್ತಾಯವೆಂದು ಕರೆಯಬಹುದು. ನಾಲ್ಕನೆಯದು ಶುದ್ಧ ಸುಳ್ಳು. ದಾರಿ ಇತ್ತು, ಬಾಗಿಲು ತೆರೆದೇ ಇತ್ತು. ಎರಡನೆಯ ಮಹಾಯುದ್ಧದ ಅನಂತರ ಹಾಲೆಂಡಿನಿಂದ ವಲಸೆ ಬಂದಿದ್ದ ಒಬ್ಬ ಎಂಜಿನಿಯರು ಈ ನಾಲ್ಕನೆಯ ಮಾತನ್ನು ಕೇಳಿ ಕೆರಳಿದ. ತಾನು ತನ್ನ ಇಚ್ಛೆಯಿಂದ ಬಂದವನು, ಆಯ್ಕೆ ತನಗೆ ಇದ್ದೇ ಇದೆ ಎಂದು ಹೇಳಿ, ಅಲ್ಲಿಗೇ ಕೈಕಟ್ಟಿ ಕುಳಿತ. ಮಿಲ್ಗ್ರಾಂ ಆ ಸಂಭಾಷಣೆಯನ್ನು ಮೆಚ್ಚುಗೆಯಿಂದಲೇ ದಾಖಲಿಸಿದ್ದಾನೆ. ಆ ಎಂಜಿನಿಯರು ನೆನಪಿಸಿದ ಹಕ್ಕನ್ನು ಉಳಿದವರಿಗೆ ಮೊದಲೇ ತಿಳಿಸಬೇಕಿತ್ತಲ್ಲವೆ ಎಂಬ ಪ್ರಶ್ನೆ ಅವನನ್ನು ಅಷ್ಟಾಗಿ ಕಾಡಿದಂತೆ ಕಾಣುವುದಿಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ಮಿಲ್ಗ್ರಾಂ ಯೆಹೂದಿ ಮನೆತನದಲ್ಲಿ, 1933ರಲ್ಲಿ, ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಯೂರೋಪಿನಲ್ಲಿ ತನ್ನ ಜನರ ಸಾಮೂಹಿಕ ಕೊಲೆ ನಡೆದಾಗ ಅಪ್ಪಣೆಯನ್ನು ಪಾಲಿಸಿದ ಸಾವಿರಾರು ಸಾಮಾನ್ಯರನ್ನು ಅರ್ಥಮಾಡಿಕೊಳ್ಳಬೇಕೆಂಬ ತವಕ ಅವನ ಪ್ರಯೋಗದ ಬೇರು. ಅದೇ 1961ರ ಏಪ್ರಿಲಿನಲ್ಲಿ ಜೆರೂಸಲೆಮಿನಲ್ಲಿ ಐಖ್‌ಮನ್ನನ ವಿಚಾರಣೆ ಮೊದಲಾಗಿತ್ತು. ಆ ಕೊಲೆಗಳ ಕಾಲದಲ್ಲೇ ನಾತ್ಸಿ ಡಾಕ್ಟರುಗಳು ಸೆರೆಶಿಬಿರಗಳಲ್ಲಿ ಕೈದಿಗಳ ಮೇಲೆ ಪ್ರಯೋಗಗಳನ್ನು ನಡೆಸಿದ್ದರು. 1947ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿದ ತೀರ್ಪಿನಲ್ಲಿಯೇ, ಮನುಷ್ಯರ ಮೇಲೆ ಪ್ರಯೋಗ ನಡೆಸುವವರು ಪಾಲಿಸಬೇಕಾದ ಹತ್ತು ನಿಯಮಗಳನ್ನು ಬರೆದಿಟ್ಟಿತು. ಮೊದಲನೆಯ ನಿಯಮ, ಬಲಾತ್ಕಾರವೂ ವಂಚನೆಯೂ ಇಲ್ಲದ ಸ್ವಂತ ಒಪ್ಪಿಗೆ. ಒಂಬತ್ತನೆಯದು, ತನ್ನಿಂದ ಇನ್ನು ಸಾಧ್ಯವಿಲ್ಲವೆನಿಸಿದಾಗ ಪ್ರಯೋಗವನ್ನು ಕೊನೆಗಾಣಿಸುವ ಸ್ವಾತಂತ್ರ್ಯ ಅದಕ್ಕೆ ಒಳಗಾದವನಿಗೆ ಇರಬೇಕೆಂಬುದು. ನಾತ್ಸಿಗಳ ವಿಧೇಯತೆಯನ್ನು ಅರಿಯಲು ಹೊರಟ ಪ್ರಯೋಗ, ನಾತ್ಸಿಗಳ ದೆಸೆಯಿಂದ ಹುಟ್ಟಿದ ಈ ಎರಡು ನಿಯಮಗಳನ್ನೂ ದಾಟಿಹೋಯಿತು. ಯೇಲಿನ ಕೋಣೆಗೂ ಶಿಬಿರಗಳಿಗೂ ಹೋಲಿಕೆಯಿಲ್ಲ, ಹಾಗೆ ಹೋಲಿಸುವುದು ಅನ್ಯಾಯ. ಆದರೂ ಮನುಷ್ಯನು ಎದ್ದು ಹೋಗುತ್ತಾನೆಯೆ ಇಲ್ಲವೆ ಎಂದು ಅಳೆಯಲು ಹೊರಟವರು, ಅಳೆಯುವ ಸಲುವಾಗಿಯೇ ಎದ್ದು ಹೋಗುವ ಹಕ್ಕನ್ನು ಮರೆಮಾಡಬೇಕಾಯಿತು ಎಂಬುದು ಉಳಿಯುತ್ತದೆ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿದ್ದ ಡಯಾನಾ ಬೌಮ್ರಿಂಡ್. ಮಕ್ಕಳನ್ನು ಬೆಳೆಸುವ ಬಗೆಗಳ ಮೇಲಿನ ಸಂಶೋಧನೆಯಿಂದ ಮುಂದೆ ಹೆಸರಾದ ಈ ವಿದುಷಿ, 1964ರಲ್ಲಿ ಮನಶ್ಶಾಸ್ತ್ರಜ್ಞರ ಪತ್ರಿಕೆಯಲ್ಲಿಯೇ ಒಂದು ಚಿಕ್ಕ ಲೇಖನ ಬರೆದರು. ಅವರ ವಾದದ ಸಾರ ಇದು: ಪ್ರಯೋಗಾಲಯಕ್ಕೆ ಬಂದವನು ಅಪರಿಚಿತ ಸ್ಥಳದಲ್ಲಿ, ಏನು ಮಾಡಬೇಕೆಂದು ತಿಳಿಯದೆ, ಪ್ರಯೋಗಕಾರನ ಮೇಲೆ ಭರವಸೆಯಿಟ್ಟು ಕುಳಿತಿರುತ್ತಾನೆ. ಆ ಭರವಸೆಯನ್ನೇ ಬಂಡವಾಳ ಮಾಡಿಕೊಂಡು ಅವನನ್ನು ಹಿಂಸಿಸಿದರೆ, ನಾಳೆ ಅವನು ತನ್ನನ್ನೂ ನಂಬಲಾರ, ನಂಬಬೇಕಾದ ಹಿರಿಯರನ್ನೂ ನಂಬಲಾರ. ಇನ್ನೂ ಒಂದು ಮಾತನ್ನು ಅವರು ಸೇರಿಸಿದರು. ವಿಧೇಯತೆಯನ್ನು ಅಧ್ಯಯನ ಮಾಡಲು ಪ್ರಯೋಗಾಲಯ ತಕ್ಕ ಸ್ಥಳವೇ ಅಲ್ಲ. ಅಲ್ಲಿಗೆ ಬರುವವನು ವಿಧೇಯನಾಗಿರಲೆಂದೇ ಬಂದಿರುತ್ತಾನೆ.

ಮಿಲ್ಗ್ರಾಂ ಅದೇ ವರ್ಷ ಉತ್ತರ ಕೊಟ್ಟ. ಭಾಗವಹಿಸಿದವರಿಗೆ ಅನಂತರ ವರದಿಯನ್ನೂ ಪ್ರಶ್ನಾವಳಿಯನ್ನೂ ಅಂಚೆಯಲ್ಲಿ ಕಳಿಸಲಾಗಿತ್ತು. ಉತ್ತರಿಸಿದವರಲ್ಲಿ ನೂರಕ್ಕೆ 84 ಮಂದಿ ಭಾಗವಹಿಸಿದುದಕ್ಕೆ ಸಂತೋಷವೆಂದರು. ವಿಷಾದ ಪಟ್ಟವರು ನೂರಕ್ಕೆ 1.3. ಒಬ್ಬ ಮನೋವೈದ್ಯರು ನಲವತ್ತು ಮಂದಿಯನ್ನು ಮುಖತಃ ವಿಚಾರಿಸಿ, ಶಾಶ್ವತವಾದ ಹಾನಿ ಯಾರಿಗೂ ಆಗಿಲ್ಲವೆಂದರು. ಇದು ತಳ್ಳಿಹಾಕುವಂಥ ಉತ್ತರವಲ್ಲ. ಭಾಗವಹಿಸಿದ್ದ ಒಬ್ಬ ತರುಣ ಕೆಲವು ವರ್ಷಗಳ ಮೇಲೆ ವಿಯೆಟ್ನಾಂ ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿಯ ಕಾರಣದಿಂದ ನಿರಾಕರಿಸಿ, ಅಪ್ಪಣೆಗೆ ತಲೆಬಾಗುವುದೆಂದರೇನೆಂದು ತನಗೆ ಕಲಿಸಿದ್ದು ಆ ಒಂದು ಗಂಟೆಯೇ ಎಂದು ಮಿಲ್ಗ್ರಾಂಗೆ ಕೃತಜ್ಞತೆಯ ಪತ್ರ ಬರೆದ. ಅಂಥ ಪತ್ರ ಬಂದಾಗ ಯಾವ ವಿಜ್ಞಾನಿಗೂ ತನ್ನ ಕೆಲಸ ಸಾರ್ಥಕವೆನಿಸದೆ ಇರದು.

ಹಾಗಿದ್ದೂ ಮಿಲ್ಗ್ರಾಂ ಕೊಟ್ಟ ಒಂದು ಸಮಾಧಾನವನ್ನು ನಾನು ಒಪ್ಪಲಾರೆ. ಜನ ಅಷ್ಟೊಂದು ತಳಮಳಿಸುವರೆಂದು ತಾನು ಮೊದಲು ಊಹಿಸಿರಲಿಲ್ಲವೆಂದು ಅವನು ಹೇಳಿದ. ಮೊದಲ ವಾರದ ಮಟ್ಟಿಗೆ ಈ ಮಾತು ಸರಿ. ಆದರೆ ಪ್ರಯೋಗ 1961ರ ಆಗಸ್ಟಿನಿಂದ 1962ರ ಮೇ ತಿಂಗಳವರೆಗೆ ನಡೆಯಿತು. ಏಳು ನೂರಕ್ಕೂ ಹೆಚ್ಚು ಮಂದಿ ಆ ಕುರ್ಚಿಯಲ್ಲಿ ಕುಳಿತರು. ಕನ್ನಡಿಯ ಹಿಂದಿನಿಂದ ನಲವತ್ತು ಮಂದಿಯ ಬೆವರನ್ನು ನೋಡಿದ ಮೇಲೆ ನಲವತ್ತೊಂದನೆಯವನ ಬೆವರು ಅನಿರೀಕ್ಷಿತವಲ್ಲ. ಇನ್ನು ಆ 84ರ ಲೆಕ್ಕ. ಎಷ್ಟೋ ಮಂದಿಗೆ ಸಂತೋಷವಾಯಿತೆಂಬುದು ಉಳಿದವರ ಸಂಕಟಕ್ಕೆ ಉತ್ತರವಾಗದು. ಆಗಿಹೋದದ್ದನ್ನು ಒಳ್ಳೆಯದೇ ಆಯಿತೆಂದುಕೊಳ್ಳುವುದು ಮನುಷ್ಯ ಸ್ವಭಾವವೆಂದು ಮನಶ್ಶಾಸ್ತ್ರವೇ ನಮಗೆ ಹೇಳಿಕೊಟ್ಟಿದೆ.

ಮುಂದೆ ಹೊರಬಂದ ಸಂಗತಿಗಳು ಮಿಲ್ಗ್ರಾಂಗೆ ಅನುಕೂಲವಾಗಿಲ್ಲ. 1984ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಪ್ರಯೋಗದ ಕಾಗದಪತ್ರಗಳೂ ಧ್ವನಿಸುರುಳಿಗಳೂ ಯೇಲಿನ ಗ್ರಂಥಾಲಯವನ್ನು ಸೇರಿದುವು. ಆಸ್ಟ್ರೇಲಿಯದ ಜೀನಾ ಪೆರಿ ಎಂಬ ಲೇಖಕಿ ಅವುಗಳನ್ನು ಕೇಳಿ, ಬದುಕಿ ಉಳಿದಿದ್ದ ಕೆಲವರನ್ನು ಹುಡುಕಿ ಮಾತನಾಡಿಸಿ, 2012ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ನಾಲ್ಕೇ ಮಾತುಗಳೆಂದು ಲೇಖನದಲ್ಲಿ ಹೇಳಿದ್ದರೂ ಸುರುಳಿಗಳಲ್ಲಿ ಪ್ರಯೋಗಕಾರನು ಅದನ್ನು ಮೀರಿ ಒತ್ತಾಯಿಸಿದ್ದು ಕೇಳಿಸಿತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಪ್ರಯೋಗ ಮುಗಿದೊಡನೆ ನಿಜವನ್ನು ತಿಳಿಸಿ, ಲೆಕ್ಕಿಗನ ಕೈಕುಲುಕಿಸಿ, ಸಮಾಧಾನಪಡಿಸಿ ಕಳಿಸುತ್ತಿದ್ದೆವೆಂದು ಮಿಲ್ಗ್ರಾಂ ಬರೆದಿದ್ದ. ಕೈಕುಲುಕಿಸಿದ್ದು ನಿಜ. ಆದರೆ ಅನೇಕರಿಗೆ ಅಂದು ಹೇಳಿದ್ದು, ಆಘಾತ ನೀವು ತಿಳಿದಷ್ಟು ಜೋರಾಗಿರಲಿಲ್ಲ ಎಂದು ಮಾತ್ರ. ಸುದ್ದಿ ಊರಿನಲ್ಲಿ ಹರಡಿ ಮುಂದಿನವರಿಗೆ ಗುಟ್ಟು ತಿಳಿದುಬಿಟ್ಟೀತೆಂಬ ಭಯ. ಆಘಾತವೇ ಇರಲಿಲ್ಲವೆಂಬ ಪೂರ್ತಿ ನಿಜ ಅವರಿಗೆ ತಿಳಿದದ್ದು ತಿಂಗಳುಗಳಾದ ಮೇಲೆ, ಅಂಚೆಯಲ್ಲಿ ವರದಿ ಬಂದಾಗ. ಒಬ್ಬ ಮನುಷ್ಯನಿಗೆ ನಾನು ಏನೋ ಮಾಡಿಬಿಟ್ಟೆನಲ್ಲ ಎಂದುಕೊಂಡು ಮನೆಗೆ ಹೋಗಿ, ಹೆಂಡತಿಯ ಎದುರು ಊಟಕ್ಕೆ ಕುಳಿತು, ಏನೂ ಹೇಳದೆ ಎದ್ದಿರಬಹುದಾದವರ ಬಗ್ಗೆ ಯೋಚಿಸಿ. ಆ ಊಟದ ಲೆಕ್ಕ ಯಾವ ಪಟ್ಟಿಯಲ್ಲಿಯೂ ಇಲ್ಲ.

ಎದ್ದು ಹೋಗುವ ಹಕ್ಕು ಕಾಗದದ ಮೇಲಿದ್ದೂ ಇಲ್ಲದಂತಾಗುವುದು ಹೇಗೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1971ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಫಿಲಿಪ್ ಜಿಂಬಾರ್ಡೊ ಒಂದು ಅಣಕು ಸೆರೆಮನೆಯನ್ನು ಹೂಡಿದರು. ದಿನಕ್ಕೆ 15 ಡಾಲರಿಗೆ ಬಂದ ಆರೋಗ್ಯವಂತ ವಿದ್ಯಾರ್ಥಿಗಳಲ್ಲಿ ಕೆಲವರು ಕಾವಲುಗಾರರು, ಕೆಲವರು ಕೈದಿಗಳು. ಎರಡು ವಾರ ನಡೆಯಬೇಕಾದುದನ್ನು ಆರು ದಿನಕ್ಕೆ ನಿಲ್ಲಿಸಬೇಕಾಯಿತು. ಆ ಕಥೆಯನ್ನು ಬಹಳ ಮಂದಿ ಬಲ್ಲರು. ಅದರ ವೈಜ್ಞಾನಿಕ ಬೆಲೆಯ ಬಗ್ಗೆ ಈಚೆಗೆ ಎದ್ದಿರುವ ಸಂದೇಹಗಳನ್ನೂ ಬಲ್ಲರು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಒಂದು ಚಿಕ್ಕ ಪ್ರಸಂಗ. ಬಿಡುಗಡೆಯ ಮಂಡಳಿಯೆಂದು ಒಂದು ನಾಟಕ ಹೂಡಿ ಕೈದಿಗಳನ್ನು ಕರೆಸಿ, ನಿನ್ನನ್ನು ಬಿಟ್ಟರೆ ಈವರೆಗೆ ಗಳಿಸಿದ ಹಣವನ್ನು ತ್ಯಜಿಸುವೆಯಾ ಎಂದು ಕೇಳಿದರು. ಹೆಚ್ಚಿನವರು ತ್ಯಜಿಸುತ್ತೇವೆಂದರು. ಹಣ ಬೇಡವೆಂದ ಮೇಲೆ ಅವರನ್ನು ಅಲ್ಲಿ ಹಿಡಿದಿಡುವ ಯಾವ ಕಟ್ಟೂ ಉಳಿಯಲಿಲ್ಲ. ಪ್ರಯೋಗ ಸಾಕು ಎಂದು ಹೊರಟುಬಿಡಬಹುದಿತ್ತು. ಯೋಚಿಸಿ ಹೇಳುತ್ತೇವೆ, ಹೋಗು ಎಂದರು. ಹುಡುಗರು ಸುಮ್ಮನೆ ತಮ್ಮ ತಮ್ಮ ಕೋಣೆಗಳಿಗೆ ಹಿಂದಿರುಗಿದರು. ಒಪ್ಪಿಗೆ ಎಂಬುದು ಹೊಸ್ತಿಲಲ್ಲಿ ಒಮ್ಮೆ ಪಡೆದು ಪೆಟ್ಟಿಗೆಯಲ್ಲಿಡುವ ಸಾಮಾನಲ್ಲವೆಂದು ತಿಳಿಯಲು ಈ ಪ್ರಸಂಗವೊಂದು ಸಾಕು. ಅದನ್ನು ಗಳಿಗೆ ಗಳಿಗೆಗೂ ಹೊಸದಾಗಿ ಪಡೆಯಬೇಕು.

ನಿಯಮಗಳು ಬಂದುವು. ಅಮೆರಿಕದ ಮನಶ್ಶಾಸ್ತ್ರ ಸಂಘ 1953ರಲ್ಲಿಯೇ ಒಂದು ನೀತಿಸಂಹಿತೆಯನ್ನು ಮಾಡಿಕೊಂಡಿತ್ತು. ಮಿಲ್ಗ್ರಾಂ ಚರ್ಚೆಯ ಕಾವಿನಲ್ಲಿ ಅದನ್ನು ವಿಸ್ತರಿಸಿ, 1973ರಲ್ಲಿ ಸಂಶೋಧನೆಗೆಂದೇ ಹತ್ತು ತತ್ತ್ವಗಳನ್ನು ಪ್ರಕಟಿಸಿತು. ಒಲ್ಲೆನೆನ್ನುವ, ನಡುವೆ ಬಿಟ್ಟುಹೋಗುವ ಸ್ವಾತಂತ್ರ್ಯ ಅವುಗಳಲ್ಲೊಂದು. ಆದರೆ ಸರ್ಕಾರವನ್ನು ಎಚ್ಚರಿಸಿದ್ದು ಮನಶ್ಶಾಸ್ತ್ರದ ಪ್ರಯೋಗವಲ್ಲ, ವೈದ್ಯಕೀಯದ ಒಂದು ಘೋರ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ರೋಗವಿದ್ದ 399 ಮಂದಿ ಕರಿಯ ಜನರಿಗೆ ರೋಗದ ಹೆಸರನ್ನೂ ಹೇಳದೆ, ಪೆನಿಸಿಲಿನ್ ದೊರೆಯುವಂತಾದ ಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿದ್ದರು. ಅದು ಬಯಲಾದ ಮೇಲೆ 1974ರಲ್ಲಿ ಕಾನೂನು ಬಂದಿತು. ಮನುಷ್ಯರನ್ನು ಒಳಗೊಂಡ ಸಂಶೋಧನೆಗೆ ಮೊದಲು ಒಂದು ಸಮಿತಿ ಅದನ್ನು ಪರಿಶೀಲಿಸಬೇಕೆಂಬ ಪದ್ಧತಿ ಗಟ್ಟಿಯಾಯಿತು. 1979ರ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತ, ನ್ಯಾಯ ಎಂಬ ಮೂರು ಮಾತುಗಳಲ್ಲಿ ಇಡೀ ವಿಚಾರವನ್ನು ಹಿಡಿದಿಟ್ಟಿತು.

ಸಾಹಿತ್ಯಾಸಕ್ತರಿಗೆ ರುಚಿಸಬಹುದಾದ ಒಂದು ಪದದ ಕಥೆಯನ್ನು ಇಲ್ಲಿ ಹೇಳಬೇಕು. ಪ್ರಯೋಗಕ್ಕೆ ಒಳಗಾದವನನ್ನು ಇಂಗ್ಲಿಷಿನಲ್ಲಿ ಬಹುಕಾಲ ‘ಸಬ್ಜೆಕ್ಟ್’ ಎಂದೇ ಕರೆಯುತ್ತಿದ್ದರು. ರಾಜನ ಪ್ರಜೆಗೂ ಅದೇ ಹೆಸರು. ಆಳುವವನ ಕೆಳಗೆ ಇರುವವನು ಎಂಬ ಅರ್ಥ ಎರಡು ಕಡೆಯೂ ಒಂದೇ. 1994ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘವು ಲೇಖಕರಿಗಾಗಿ ಹೊರತಂದ ಕೈಪಿಡಿಯ ನಾಲ್ಕನೆಯ ಆವೃತ್ತಿಯಲ್ಲಿ, ಆ ಪದವನ್ನು ಬಿಟ್ಟು ‘ಪಾರ್ಟಿಸಿಪೆಂಟ್’, ಎಂದರೆ ಭಾಗವಹಿಸುವವರು, ಎಂದು ಬರೆಯುವಂತೆ ಸೂಚಿಸಿತು. ಪದ ಬದಲಾದ ಮಾತ್ರಕ್ಕೆ ಪಾಡು ಬದಲಾಗುವುದೆ ಎಂದು ಕೇಳಬಹುದು. ಬದಲಾಗದಿರಬಹುದು. ಆದರೆ ಪ್ರಜೆ ದರ್ಬಾರಿನಿಂದ ಎದ್ದು ಹೋಗಲಾರ. ಭಾಗಿಯಾದವನು ಪಾಲು ಮುರಿದುಕೊಂಡು ಹೋಗಬಲ್ಲ.

ಸುಳ್ಳು ಹೇಳುವುದು ಪೂರ್ತಿ ನಿಂತಿದೆಯೆ? ಇಲ್ಲ. ಸುಳ್ಳಿಲ್ಲದೆ ತಿಳಿಯಲಾಗದ ಸಂಗತಿಗಳು ಇವೆಯೆಂದು ಶಾಸ್ತ್ರ ಈಗಲೂ ನಂಬುತ್ತದೆ. ನನಗೂ ಅದು ಸ್ವಲ್ಪಮಟ್ಟಿಗೆ ನಿಜವೆನಿಸುತ್ತದೆ. ಇಂದಿನ ನಿಯಮ ಹೀಗಿದೆ: ಬೇರೆ ದಾರಿ ಇಲ್ಲದಿದ್ದಾಗ, ಪಡೆಯುವ ತಿಳಿವಳಿಕೆಗೆ ತಕ್ಕ ಬೆಲೆಯಿದ್ದಾಗ ಮಾತ್ರ ಮರೆಮಾಚಬಹುದು. ದೇಹಕ್ಕೆ ನೋವು, ಮನಸ್ಸಿಗೆ ತೀವ್ರವಾದ ಯಾತನೆ ಆಗಬಹುದಾದ ವಿಷಯದಲ್ಲಿ ಮರೆಮಾಚಕೂಡದು. ಆದಷ್ಟು ಬೇಗ ನಿಜ ತಿಳಿಸಬೇಕು. ನಿಜ ತಿಳಿದ ಮೇಲೆ, ನನ್ನಿಂದ ಪಡೆದ ಉತ್ತರಗಳನ್ನು ನೀವು ಬಳಸಕೂಡದು ಎಂದು ಹೇಳುವ ಹಕ್ಕೂ ಅವನಿಗಿದೆ. ಈ ಕೊನೆಯ ಮಾತು ಬಹಳ ಸೂಕ್ಷ್ಮವಾದದ್ದು. ಎದ್ದು ಹೋದರಷ್ಟೇ ಸಾಲದು, ಅಲ್ಲಿ ಬಿಟ್ಟುಬಂದ ತನ್ನ ಒಂದು ಅಂಶವನ್ನೂ ಹಿಂದಕ್ಕೆ ಪಡೆಯಬಹುದು.

ಈ ನಿಯಮಗಳ ಬೇಲಿಯೊಳಗೆ ಮಿಲ್ಗ್ರಾಂನ ಪ್ರಶ್ನೆಯನ್ನು ಮತ್ತೆ ಕೇಳಲು ಸಾಧ್ಯವೆ? ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾ ವಿಶ್ವವಿದ್ಯಾನಿಲಯದ ಜೆರ್ರಿ ಬರ್ಗರ್ 2006ರಲ್ಲಿ ಅದನ್ನು ಪ್ರಯತ್ನಿಸಿದರು; ವಿವರ 2009ರಲ್ಲಿ ಪ್ರಕಟವಾಯಿತು. ಮಿಲ್ಗ್ರಾಂನ ಅಂಕಿಗಳನ್ನು ನೋಡಿದಾಗ, ದನಿ ಮೊದಲು ಬಿಡಿ ಎಂದು ಕೂಗುವ 150 ವೋಲ್ಟಿನ ಘಟ್ಟವನ್ನು ದಾಟಿದವರಲ್ಲಿ ಹೆಚ್ಚಿನವರು ಕೊನೆಯವರೆಗೂ ಹೋಗಿದ್ದರು. ಹಾಗಾದರೆ ಅಲ್ಲಿಗೇ ನಿಲ್ಲಿಸಿದರೂ ತಿಳಿಯಬೇಕಾದದ್ದು ತಿಳಿಯುತ್ತದೆ ಎಂದು ಬರ್ಗರ್ ತರ್ಕಿಸಿದರು. ಮನಸ್ಸು ನಾಜೂಕಾದವರನ್ನು ಎರಡು ಹಂತದ ವಿಚಾರಣೆಯಲ್ಲಿ ಮೊದಲೇ ಬೇರೆಮಾಡಿದರು. ಮಾದರಿ ಆಘಾತವನ್ನು 15 ವೋಲ್ಟಿಗೆ ಇಳಿಸಿದರು. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಹಣ ನಿಮ್ಮದೇ ಎಂದು ಕಡಮೆಯೆಂದರೆ ಮೂರು ಸಲ ಹೇಳಿದರು. ಪ್ರಯೋಗಕಾರನ ಜಾಗದಲ್ಲಿ ಮಾನಸಿಕ ಚಿಕಿತ್ಸೆ ಬಲ್ಲವನನ್ನು ನಿಲ್ಲಿಸಿದರು. ಮುಗಿದ ಕೆಲವೇ ಸೆಕೆಂಡುಗಳಲ್ಲಿ ನಿಜವನ್ನು ತಿಳಿಸಿದರು. ಫಲ? ಮಿಲ್ಗ್ರಾಂನ ಕಾಲದಲ್ಲಿ ಆ ಘಟ್ಟವನ್ನು ದಾಟಿದವರು ನೂರಕ್ಕೆ 82.5, ಬರ್ಗರ್ ಕಂಡದ್ದು ನೂರಕ್ಕೆ 70. ವ್ಯತ್ಯಾಸ ದೊಡ್ಡದಲ್ಲ. ಮನುಷ್ಯನನ್ನು ಇಪ್ಪತ್ತು ನಿಮಿಷ ಹಿಂಡದೆಯೂ ಉತ್ತರ ದೊರೆಯುತ್ತಿತ್ತು ಎಂದಾಯಿತು. ಇನ್ನೊಂದು ಅರ್ಥವೂ ಇದರಲ್ಲಿದೆ. ಅದು ಅಷ್ಟು ಸಮಾಧಾನದ್ದಲ್ಲ. ಎದ್ದು ಹೋಗಬಹುದೆಂದು ಮೂರು ಸಲ ಹೇಳಿದರೂ ಹತ್ತರಲ್ಲಿ ಏಳು ಮಂದಿ ಕುಳಿತೇ ಇದ್ದರು.

ತಾನು ಕುರ್ಚಿಯಲ್ಲಿ ಕುಳಿತಿದ್ದೇನೆಂದೇ ತಿಳಿಯದವನ ಗತಿ ಏನು? 2012ರ ಜನವರಿಯಲ್ಲಿ ಒಂದು ವಾರ ಕಾಲ, ಫೇಸ್‌ಬುಕ್ ಸಂಸ್ಥೆ 6,89,003 ಬಳಕೆದಾರರಲ್ಲಿ ಕೆಲವರಿಗೆ ನಲಿವಿನ ಮಾತುಗಳಿರುವ ಬರಹಗಳು, ಇನ್ನು ಕೆಲವರಿಗೆ ನೋವಿನ ಮಾತುಗಳಿರುವ ಬರಹಗಳು ಕಡಮೆ ಕಾಣುವಂತೆ ಮಾಡಿ, ಅದರಿಂದ ಅವರು ಬರೆಯುವ ರೀತಿ ಬದಲಾಗುವುದೇ ಎಂದು ಪರೀಕ್ಷಿಸಿತು. ಕಂಡ ವ್ಯತ್ಯಾಸ ಅತ್ಯಲ್ಪ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ದೊಡ್ಡ ಕೋಲಾಹಲವೆದ್ದಿತು. ಸೇರುವಾಗ ಒಪ್ಪಿದ ನಿಬಂಧನೆಗಳಲ್ಲೇ ಒಪ್ಪಿಗೆ ಅಡಗಿದೆ ಎಂಬುದು ಸಂಶೋಧಕರ ಸಮರ್ಥನೆ. ಕೆಲವೇ ವಾರಗಳಲ್ಲಿ ಪತ್ರಿಕೆಯ ಸಂಪಾದಕರು ತಮ್ಮ ಕಳವಳವನ್ನು ಅಚ್ಚುಮಾಡಿದರು. ತಿಳಿದು ಕೊಡುವ ಒಪ್ಪಿಗೆ, ಬಿಟ್ಟುಹೋಗುವ ಅವಕಾಶ, ಈ ಎರಡು ತತ್ತ್ವಗಳಿಗೂ ಆ ವಾರದ ಕೆಲಸ ಪೂರ್ತಿಯಾಗಿ ಹೊಂದಿರಲಾರದು ಎಂಬುದು ಅದರ ತಾತ್ಪರ್ಯ. ನ್ಯೂ ಹೇವನ್ನಿನ ವ್ಯಾಪಾರಿಗೆ ಕಡೆಯ ಪಕ್ಷ ಎದುರಿಗೆ ಒಂದು ಬಾಗಿಲು ಕಾಣುತ್ತಿತ್ತು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 1980ರಲ್ಲಿ ಮೊದಲ ಬಾರಿಗೆ ಇಂಥ ನೀತಿಯನ್ನು ಪ್ರಕಟಿಸಿತು. 2017ರ ಅದರ ಮಾರ್ಗಸೂಚಿಗಳು ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ನಡವಳಿಕೆಯ ಸಂಶೋಧನೆಯನ್ನೂ ಒಳಗೊಂಡಿವೆ. ಅದೇ 2017ರ ಮಾನಸಿಕ ಆರೋಗ್ಯ ಕಾಯಿದೆ, ಮನೋರೋಗಿಯನ್ನು ಸಂಶೋಧನೆಗಾಗಿ ಬರಿದೆ ಪ್ರಶ್ನೆ ಕೇಳುವುದಕ್ಕೂ ಅವನ ಮುಕ್ತವಾದ, ತಿಳಿದು ಕೊಟ್ಟ ಒಪ್ಪಿಗೆ ಬೇಕೆನ್ನುತ್ತದೆ. ನಿಯಮಗಳಿಗೆ ಕೊರತೆಯಿಲ್ಲ. ಆದರೆ ದಾಕ್ಷಿಣ್ಯದ ನಾಡು ನಮ್ಮದು. ತರಗತಿಯಲ್ಲಿ ಅಧ್ಯಾಪಕರೇ ಪ್ರಶ್ನಾವಳಿ ಹಂಚಿ, ಇಷ್ಟವಿದ್ದವರು ತುಂಬಿ ಎಂದರೆ, ನಾಳೆ ಅಂಕ ಹಾಕುವ ಕೈಗೆ ಖಾಲಿ ಕಾಗದ ಹಿಂದಿರುಗಿಸುವ ವಿದ್ಯಾರ್ಥಿಗಳು ಎಷ್ಟು ಮಂದಿ? ಆಸ್ಪತ್ರೆಯ ಜಗಲಿಯಲ್ಲಿ ಸರದಿ ಕಾಯುತ್ತಿರುವ ಹಳ್ಳಿಯ ತಾಯಿ, ಬಿಳಿಯ ಕೋಟು ತೊಟ್ಟವರು ಕೇಳಿದ್ದಕ್ಕೆ ಒಲ್ಲೆನೆಂದರೆ ಮಗುವಿನ ಚಿಕಿತ್ಸೆಗೆ ತೊಡಕಾದೀತೆಂದು ಹೆದರುವುದಿಲ್ಲವೆ? ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳುವಾಗ, ಸಂಶೋಧಕರ ಕಡೆಯವನಲ್ಲದ ಸಾಕ್ಷಿಯೊಬ್ಬನು ಹತ್ತಿರವಿರಬೇಕು, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು ಎಂದು ನಿಯಮ ವಿಧಿಸಿರುವುದು ಈ ಭಯವನ್ನು ಬಲ್ಲವರೇ.

ಆ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದೂ ನಿಯಮವೇ. ಇಲ್ಲಿ ಕೆಲಸ ಮನಶ್ಶಾಸ್ತ್ರಜ್ಞರ ಕೈಯಿಂದ ಕನ್ನಡ ಬಲ್ಲವರ ಕೈಗೆ ಬರುತ್ತದೆ. ‘ಭಾಗವಹಿಸುವವರು ತಮ್ಮ ಸಮ್ಮತಿಯನ್ನು ಯಾವುದೇ ಹಂತದಲ್ಲಿ ಪ್ರತಿಕೂಲ ಪರಿಣಾಮಕ್ಕೆ ಒಳಪಡದೆ ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಹೊಂದಿರುತ್ತಾರೆ’ ಎಂಬಂಥ ವಾಕ್ಯವನ್ನು ಜಗಲಿಯಲ್ಲಿ ಕುಳಿತ ಆ ತಾಯಿಗೆ ಓದಿ ಹೇಳಿ, ತಿಳಿಯಿತೆ ಎಂದು ಕೇಳಿದರೆ, ಹೂಂ ಎನ್ನುತ್ತಾಳೆ. ‘ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಮ್ಮ, ಯಾಕೆ ಅಂತ ಯಾರೂ ಕೇಳೋದಿಲ್ಲ, ಮಗುವಿಗೆ ಔಷಧಿ ಕೊಡೋದು ನಿಲ್ಲೋದಿಲ್ಲ’ ಎಂದರೆ, ಅವಳು ಒಮ್ಮೆ ತಲೆಯೆತ್ತಿ ನೋಡಿ, ನಿಜವಾಗಿಯೂ ಹೋಗಬಹುದೇ ಎಂದು ಕೇಳಿಯಾಳು.